ಲೆದರ್ ಹಾರ್ಡ್, ಬೋನ್ ಡ್ರೈ, ಬಿಸ್ಕ್: ಯಾವ ಹಂತದಲ್ಲಿ ಯಾವ ಕೆಲಸ

ಮಣ್ಣಿನ ಪಾತ್ರೆ ಮಾಡುವಾಗ ಕೇಳಿಬರುವ ಲೆದರ್ ಹಾರ್ಡ್, ಬೋನ್ ಡ್ರೈ, ಬಿಸ್ಕ್ ಈ ಮೂರೂ ಒಂದೇನಾ, ಕಪ್‌ಗೆ ಹಿಡಿ ಅಂಟಿಸುವುದು ಯಾವಾಗ ಅಂತ ಕೇಳಿದ್ದೀರಿ. ಒಂದೇ ಅಲ್ಲ. ಮೊದಲೆರಡು ಮಣ್ಣು ಒಣಗುವ ಹಂತಗಳು, ಮೂರನೆಯದು ಒಮ್ಮೆ ಸುಟ್ಟ ಮೇಲಿನದು. ಹಿಡಿ ಅಂಟಿಸುವುದು ಲೆದರ್ ಹಾರ್ಡ್‌ನಲ್ಲಿ, ಅಂದರೆ ಮಣ್ಣು ಅರೆ ಒಣಗಿ ಚರ್ಮದಷ್ಟು ಗಟ್ಟಿಯಾದಾಗ.

ಆಗ ಪಾತ್ರೆ ಕೈಯಲ್ಲಿ ಎತ್ತಿದರೆ ಆಕಾರ ಕೆಡುವುದಿಲ್ಲ, ಆದರೆ ಉಗುರಿನಲ್ಲಿ ಗೀರಿದರೆ ಸಲೀಸಾಗಿ ಗೀರು ಬೀಳುತ್ತದೆ. ತಳ ಕೆತ್ತುವ ಟ್ರಿಮ್ಮಿಂಗ್ ಕೂಡ ಆಗಲೇ. ಅಂಟಿಸುವ ಎರಡೂ ಕಡೆ ಗೀರು ಹಾಕಿ, ಸ್ಲಿಪ್ ಸವರಿ, ಒತ್ತಿ. ಸ್ಲಿಪ್ ಅಂದರೆ ನೀರಿನಲ್ಲಿ ದಪ್ಪಗೆ ಕದಡಿದ ಮಣ್ಣು, ಅದೇ ಮಣ್ಣಿನದಾದರೆ ಒಳ್ಳೆಯದು. ಇಷ್ಟೆಲ್ಲ ಮಾಡಿಯೂ ಹಿಡಿ ಬಿಟ್ಟುಕೊಂಡರೆ ತೇವ ನೋಡಿ. ಕಪ್ ಒಣಗಿದ್ದು ಹಿಡಿ ಹಸಿಯಾಗಿದ್ದರೆ, ಹಿಡಿಯೇ ಜಾಸ್ತಿ ಕುಗ್ಗಿ ಬೆಸುಗೆಯಲ್ಲಿ ಬಿರುಕು ಬಿಡುತ್ತದೆ. ಎರಡೂ ಒಂದೇ ಹದದಲ್ಲಿರಲಿ. ಆಮೇಲೆ ಪ್ಲಾಸ್ಟಿಕ್ ಮುಚ್ಚಿ ನಿಧಾನವಾಗಿ ಒಣಗಿಸಿ.

ಬೋನ್ ಡ್ರೈ ಅಂದರೆ ಪೂರ್ತಿ ಒಣಗಿದ್ದು. ಬಣ್ಣ ತಿಳಿಯಾಗುತ್ತದೆ. ಕೆನ್ನೆಗೆ ಒತ್ತಿ ನೋಡಿ, ತಣ್ಣಗನಿಸಿದರೆ ಒಳಗೆ ಇನ್ನೂ ನೀರಿದೆ. ಪಾತ್ರೆ ತೀರಾ ನಾಜೂಕಾಗಿರುವುದು ಈಗಲೇ, ಅಂಚು ಹಿಡಿದು ಎತ್ತಬೇಡಿ. ಮುರಿದರೂ ಚಿಂತೆಯಿಲ್ಲ, ನೆನೆಸಿದರೆ ಮತ್ತೆ ಮಣ್ಣೇ. ಉಜ್ಜಿ ನಯ ಮಾಡಬೇಕಿದ್ದರೆ ಒದ್ದೆ ಸ್ಪಂಜು ಬಳಸಿ. ಒಣ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು.

ಪಾತ್ರೆ ಸುಡುವ ಗೂಡಿನಲ್ಲಿ ಅದು ಸಿಡಿದರೆ ಎಲ್ಲರೂ ಮಣ್ಣೊಳಗಿನ ಗಾಳಿಗುಳ್ಳೆಯನ್ನೇ ಬಯ್ಯುತ್ತಾರೆ. ನನ್ನ ಪ್ರಕಾರ ಅದಕ್ಕೆ ಸುಮ್ನೆ ಕೆಟ್ಟ ಹೆಸರು. ಉಳಿದ ತೇವ 100 ಡಿಗ್ರಿ ದಾಟಿ ಆವಿಯಾಗುವಾಗ ಹೊರಬರಲು ದಾರಿ ಸಿಗದೆ ಸಿಡಿಯುವುದೇ ಹೆಚ್ಚು.

ಬಿಸ್ಕ್ ಮೊದಲ ಸುಡುವಿಕೆ, ಸುಮಾರು 1000 ಡಿಗ್ರಿ ಸೆಲ್ಸಿಯಸ್. ಇದಾದ ಮೇಲೆ ನೆನೆಸಿದರೂ ಮಣ್ಣಾಗುವುದಿಲ್ಲ. ಆದರೆ ನೀರು ಹೀರುತ್ತದೆ, ಅದಕ್ಕೇ ಗ್ಲೇಜ್ ಚೆನ್ನಾಗಿ ಕೂರುತ್ತದೆ. ಗ್ಲೇಜ್ ಎರಡನೇ ಸುಡುವಿಕೆಯಲ್ಲಿ ಕರಗಿ ಗಾಜಾಗುವ ಲೇಪ. ತಳದ ಗ್ಲೇಜ್ ಒರೆಸಿಬಿಡಿ, ಇಲ್ಲದಿದ್ದರೆ ಪಾತ್ರೆ ಗೂಡಿನ ಹಲಗೆಗೆ ಅಂಟಿಕೊಳ್ಳುತ್ತದೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮಣ್ಣು, ಗ್ಲೇಜ್ ಕೊಳ್ಳುವಾಗ ಕೋನ್ ಸಂಖ್ಯೆ ನೋಡಿ. ಎಷ್ಟು ಕಾವು ಎಷ್ಟು ಹೊತ್ತು ತಾಗಬೇಕು ಎಂಬುದರ ಅಳತೆ ಅದು. ಕೋನ್ 06 ಮತ್ತು ಕೋನ್ 6 ಒಂದೇ ಅಂದುಕೊಳ್ಳಬೇಡಿ. 06 ಸುಮಾರು 1000 ಡಿಗ್ರಿ, 6 ಸುಮಾರು 1220. ಕೋನ್ 06ರ ಮಣ್ಣನ್ನು ಕೋನ್ 6ರಲ್ಲಿ ಸುಟ್ಟರೆ ಪಾತ್ರೆ ಕುಸಿಯಬಹುದು, ಕರಗಿ ಹಲಗೆ ಮೇಲೆ ಹರಿಯಲೂಬಹುದು.