ಅಜ್ಜನೂ ರಾಮ, ಮೊಮ್ಮಗನೂ ರಾಮ

ಜಮಖಂಡಿಯ ಅಕ್ಕಾವರೆ,

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯನ್ನು ಎರಡು ಸಲ ಹಿಡಿದು ಎರಡು ಸಲವೂ ನಡುವೆ ಬಿಟ್ಟೆ ಎಂದು ಬರೆದಿದ್ದೀರಿ. ಅಜ್ಜನೂ ರಾಮ, ಮೊಮ್ಮಗನೂ ರಾಮ. ಯಾರು ಯಾರಿಗೆ ಏನಾಗಬೇಕು ಎಂಬುದೇ ತಲೆಯಲ್ಲಿ ನಿಲ್ಲುವುದಿಲ್ಲ, ಮೊದಲೇ ವಂಶಾವಳಿ ಬರೆದಿಟ್ಟುಕೊಂಡು ಓದಲೇ ಎಂದು ಕೇಳಿದ್ದೀರಿ.

ಮೊದಲೇ ಬರೆದಿಡಬೇಡಿ. ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು ಎಂಬುದು ಮುಂಚೆಯೇ ತಿಳಿದರೆ, ಮಕ್ಕಳಿಲ್ಲದ ಐತಾಳರ ಮನೆಯ ಕಾತರ ನಿಮ್ಮನ್ನು ತಟ್ಟುವುದಿಲ್ಲ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ವಂಶಾವಳಿ ಗಂಡಸರ ಲೆಕ್ಕ. ರಾಮ ಐತಾಳ, ಮಗ ಲಚ್ಚ, ಮೊಮ್ಮಗ ರಾಮ ಎಂದು ಒಂದರ ಕೆಳಗೊಂದು ಬರೆದರೆ ಮುಗಿಯಿತು. ಐತಾಳರ ವಿಧವೆ ಸೋದರಿ ಸರಸೋತಿಗೆ ಅಲ್ಲಿ ಜಾಗವೇ ಇಲ್ಲ. ಆದರೆ ಕರಾವಳಿಯ ಕೋಡಿ ಹಳ್ಳಿಯ ಆ ಮನೆ ನಿಂತಿರುವುದು ಅವಳ ಮೇಲೆ, ಐತಾಳರ ಹೆಂಡತಿ ಪಾರೋತಿಯ ಮೇಲೆ, ಮುಂದೆ ಲಚ್ಚನ ಹೆಂಡತಿ ನಾಗವೇಣಿಯ ಮೇಲೆ. ಗಂಡಸರ ಹೆಸರು ಹಿಡಿದು ಹೋಗಿದ್ದಕ್ಕೇ ನಿಮಗೆ ದಾರಿ ತಪ್ಪಿರಬೇಕು.

ಒಂದು ಫೂಲ್‌ಸ್ಕೇಪ್ ಹಾಳೆ ಅಡ್ಡ ಹಾಕಿಕೊಳ್ಳಿ, ಪೆನ್ಸಿಲ್ಲೇ ಇರಲಿ. ಪೀಳಿಗೆಗೊಂದು ಸಾಲು ಎಳೆಯದೆ ಮನೆಗೊಂದು ಚೌಕ ಹಾಕಿ. ಆ ಸೂರಿನಡಿ ಇರುವವರ ಹೆಸರು ಚೌಕದೊಳಗೆ, ಪಕ್ಕದಲ್ಲಿ ಅವರು ಮೊದಲು ಕಾಣಿಸಿದ ಪುಟದ ಸಂಖ್ಯೆ. ಸೊಸೆ ಬಂದಾಗ ತವರುಮನೆಯ ಚೌಕದಿಂದ ಗಂಡನ ಮನೆಗೆ ಬಾಣ ಎಳೆಯಿರಿ. ಯಾರಾದರೂ ತೀರಿಕೊಂಡರೆ ಹೆಸರು ಹೊಡೆದುಹಾಕಬೇಡಿ, ಪುಟ ಮಾತ್ರ ಗುರುತು ಮಾಡಿ. ಸತ್ತವರ ಮಾತು ಇಂಥ ಕಾದಂಬರಿಯಲ್ಲಿ ಬಹಳ ದೂರದವರೆಗೆ ಬರುತ್ತದೆ. ಒಮ್ಮೆ ಬಂದು ಹೋಗುವವರನ್ನು ಬರೆಯಲೇಬೇಡಿ, ಎರಡನೆಯ ಸಲ ಬಂದರೆ ಬರೆದರಾಯಿತು. ಇನ್ನು ಇಬ್ಬರು ರಾಮರ ತೊಡಕು: ಹಿರಿಯರನ್ನು ‘ಐತಾಳರು’ ಎಂದೂ ಕಿರಿಯನನ್ನು ‘ನಾಗವೇಣಿಯ ರಾಮ’ ಎಂದೂ ಬರೆದುಕೊಳ್ಳಿ. ತಾಯಿಯ ಹೆಸರು ಹತ್ತಿದರೆ ಮತ್ತೆ ಗೊಂದಲವಾಗುವುದಿಲ್ಲ.

ವಯಸ್ಸಿನ ಲೆಕ್ಕವೂ ಓದುಗರನ್ನು ಕೆಡಿಸುತ್ತದೆ. ಹುಡುಗಿಗೆ 14, ಹುಡುಗನಿಗೆ 18 ಎಂದು ಮದುವೆಯ ಕನಿಷ್ಠ ವಯಸ್ಸು ಗೊತ್ತು ಮಾಡಿದ ಶಾರದಾ ಕಾಯ್ದೆ ಜಾರಿಗೆ ಬಂದದ್ದು 1930ರ ಏಪ್ರಿಲ್‌ನಲ್ಲಿ. ಅದಕ್ಕೂ ಹಿಂದಿನ ಕತೆಯಲ್ಲಿ ‘ಅತ್ತೆ’ ಎಂದ ಕೂಡಲೇ ನೆರೆತ ಮುದುಕಿಯನ್ನು ಕಲ್ಪಿಸಿಕೊಂಡರೆ ತಪ್ಪು. ಆಕೆಗೆ ಮೂವತ್ತೈದೂ ಆಗಿರಲಿಕ್ಕಿಲ್ಲ. ಅವಳ ಸಿಟ್ಟು, ಆಸೆ ಎಲ್ಲ ಆಗ ಬೇರೆಯೇ ಕಾಣುತ್ತವೆ.

ನಮ್ಮ ಬೆಳಗಾವಿ, ವಿಜಯಪುರದ ಕಡೆಯ ಕತೆಗಳಿಗೆ ಹಾಳೆಯಲ್ಲಿ ಇನ್ನೆರಡು ಗುರುತು ಬೇಕು. ಅಕ್ಕನ ಮಗಳನ್ನೇ ತಂದುಕೊಂಡಲ್ಲಿ ಸೋದರಮಾವನೇ ಗಂಡ, ಅಜ್ಜಿಯೇ ಅತ್ತೆ; ಅಲ್ಲಿ ಎರಡು ಗೆರೆ ಎಳೆಯಿರಿ. ದತ್ತಕ ಹೋದವನಿಗೆ ಚುಕ್ಕೆ ಗೆರೆ, ಅವನ ಅಡ್ಡಹೆಸರೂ ಬದಲಾಗುತ್ತದೆ. ಹೊಲ ಎಷ್ಟೆಂದು ಮೂಲೆಯಲ್ಲಿ ಬರೆಯುವುದೂ ಒಳ್ಳೆಯದು. 40 ಎಕರೆ ಮೂವರು ಅಣ್ಣತಮ್ಮಂದಿರಲ್ಲಿ ವಾಟಣಿಯಾದರೆ ತಲಾ 13 ಎಕರೆ 13 ಗುಂಟೆ ಚಿಲ್ಲರೆ. ಒಬ್ಬೊಬ್ಬನಿಗೆ ಮತ್ತೆ ಮೂವರು ಗಂಡುಮಕ್ಕಳಾದರೆ ನಾಲ್ಕೂವರೆ ಎಕರೆಯೂ ಇಲ್ಲ. ಮೂರನೆಯ ತಲೆಮಾರಿನ ಜಗಳ ಅರ್ಧ ಅಲ್ಲೇ ಇರುತ್ತದೆ. ಇಸವಿ ಕೊಡದೆ ಸಂವತ್ಸರ ಹೇಳಿದರೆ 60 ವರ್ಷದ ಚಕ್ರ ನೆನಪಿರಲಿ: ರಕ್ತಾಕ್ಷಿ ಎಂದರೆ 1864-65, 1924-25 ಇಲ್ಲವೆ 1984-85. ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ ನಡೆದದ್ದು ನಡುವಿನದರಲ್ಲಿ, 1924ರ ಡಿಸೆಂಬರಿನಲ್ಲಿ.

ಬಹಳ ಮಂದಿ ಪುಸ್ತಕ ಕೆಳಗಿಡುವುದು ಮೊದಲ ಪೀಳಿಗೆ ಹಿಂದೆ ಸರಿಯುವಲ್ಲಿ. ಪ್ರೀತಿಸಿದ ಹಿರಿಯರು ಮರೆಯಾಗುತ್ತಾರೆ, ಹೊಸಬರ ಮೇಲೆ ಇನ್ನೂ ಮನಸ್ಸು ಕೂತಿರುವುದಿಲ್ಲ. ಅಲ್ಲಿ ನಿಲ್ಲಿಸಬೇಡಿ, ಒಂದೇ ಪಟ್ಟಿಗೆ ಮೂವತ್ತು ಪುಟ ದಾಟಿಬಿಡಿ. ವಾರ ಬಿಟ್ಟುಹೋದರೆ ಹಿಂದಿನ ಅಧ್ಯಾಯವನ್ನು ಮತ್ತೆ ಓದಿ ಮುಂದುವರಿಯಿರಿ.

ಓದು ಬಾರದ ಅತ್ತೆಯವರಿಗೆ ಓದಿ ಹೇಳಬಹುದೇ ಎಂದೂ ಕೇಳಿದ್ದೀರಿ. ಖಂಡಿತ ಹೇಳಿ. ಗಟ್ಟಿಯಾಗಿ ಓದಿದರೆ ತಾಸಿಗೆ ಹದಿನೈದಿಪ್ಪತ್ತು ಪುಟ ಸಾಗುತ್ತವೆ. ಕರಾವಳಿಯ ಮಾತು ಅವರಿಗೆ ಹೊಸದು, ಅರ್ಥವಾಗದ್ದನ್ನು ಅಲ್ಲಲ್ಲೇ ನಮ್ಮ ಮಾತಿನಲ್ಲಿ ಹೇಳಿ. ಕೇಳುವವರ ಎದುರು ಹಾಳೆ ಇರುವುದಿಲ್ಲ, ಆದ್ದರಿಂದ ದಿನದ ಮೊದಲ ಸಲ ಹೆಸರು ಬಂದಾಗ ಸಂಬಂಧ ಸೇರಿಸಿಯೇ ಓದಿ: ‘ಐತಾಳರ ಸೊಸಿ ನಾಗವೇಣಿ’.

— ಸಂಪಾದಕ