ನದಿದಂಡೆಯ ಉದ್ಯಾನ: ಗೋಡೆ ಬೇಕೇ?

ಪ್ರಶ್ನೆ: ನಮ್ಮದು ಚಿಕ್ಕ ಊರು. ನದಿದಂಡೆಯ ಖಾಲಿ ಜಾಗದಲ್ಲಿ ಉದ್ಯಾನ ಮಾಡಲು ಸಮಿತಿ ರಚಿಸಿದ್ದೇವೆ. ದಡದುದ್ದಕ್ಕೂ ಕಾಂಕ್ರೀಟ್ ತಡೆಗೋಡೆ, ಅದರ ಮೇಲೆ ನಡಿಗೆದಾರಿ, ನಡುವೆ ಕಾರಂಜಿ ಇರುವ ನಕ್ಷೆಯೊಂದು ಬಂದಿದೆ. ಕೆಲವು ವರ್ಷಗಳಿಗೊಮ್ಮೆ ನೆರೆ ಬರುತ್ತದೆ. ಹಣ ಹೆಚ್ಚಿಲ್ಲ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಆ ನಕ್ಷೆಯನ್ನು ಸದ್ಯಕ್ಕೆ ಸುತ್ತಿಡಿ. ಊರಿನ ಹಿರಿಯರನ್ನು ಕರೆದುಕೊಂಡು ದಡದಲ್ಲಿ ನಡೆಯಿರಿ. ಪ್ರತಿ ವರ್ಷ ನೀರು ಎಲ್ಲಿಯವರೆಗೆ ಏರುತ್ತದೆ, ದೊಡ್ಡ ನೆರೆಯಲ್ಲಿ ಎಲ್ಲಿಗೆ ಮುಟ್ಟಿತ್ತು ಎಂದು ಕೇಳಿ, ಅಲ್ಲಲ್ಲೇ ಗೂಟ ನೆಡಿಸಿ. ನೀರಾವರಿ ಇಲಾಖೆಯ ದಾಖಲೆ ಸಿಕ್ಕರೆ ತಾಳೆ ನೋಡಿ. ಈ ಎರಡು ಗೆರೆಗಳೇ ನಿಮ್ಮ ಅರ್ಧ ವಿನ್ಯಾಸ. ಮೊದಲ ಗೆರೆಯ ಕೆಳಗೆ ಸ್ಥಳೀಯ ಹುಲ್ಲು, ಪೊದೆಗಳ ಹೊರತು ಏನೂ ಬೇಡ. ಎರಡರ ನಡುವೆ ಮುಳುಗಿದರೂ ಕೆಡದಂಥವು: ಆಟದ ಬಯಲು, ಕಲ್ಲುಹಾಸಿನ ದಾರಿ, ನೆಲಕ್ಕೆ ಬಿಗಿದ ಬೆಂಚು. ಶೌಚಾಲಯ, ವಿದ್ಯುತ್ ಫಲಕಗಳೆಲ್ಲ ಮೇಲಿನ ಗೆರೆಯಾಚೆಗೆ.

ತಡೆಗೋಡೆಯ ಮೇಲೆ ನನಗೆ ಹಳೆಯ ಮುನಿಸಿದೆ. ನುಣುಪು ಗೋಡೆಗೆ ತಾಗಿ ಹರಿಯುವ ನೀರು ವೇಗ ಪಡೆದು ಅದರ ಬುಡವನ್ನೇ ಕೊರೆಯುತ್ತದೆ. ಗೋಡೆ ಮುಗಿದಲ್ಲಿ ಪಕ್ಕದವರ ದಡವನ್ನು ಕೀಳುತ್ತದೆ. ಸಿಂಗಪುರದ ಬಿಶಾನ್-ಆಂಗ್ ಮೊ ಕಿಯೊ ಉದ್ಯಾನದಲ್ಲಿ ಕಲ್ಲಾಂಗ್ ನದಿಯ 2.7 ಕಿ.ಮೀ. ಉದ್ದದ ನೇರ ಕಾಂಕ್ರೀಟ್ ಕಾಲುವೆಯನ್ನು ಒಡೆದು, 3.2 ಕಿ.ಮೀ. ಅಂಕುಡೊಂಕಾಗಿ ಹರಿಯಲು ಬಿಟ್ಟರು. 2012ರಲ್ಲಿ ಅದು ಜನರಿಗೆ ತೆರೆಯಿತು. ಮಳೆ ಜೋರಾದಾಗ ದಡದ ಹುಲ್ಲುಬಯಲು ನೀರಿನ ಪಾಲು, ಇಳಿದ ಮೇಲೆ ಜನರ ಪಾಲು. ಅಷ್ಟು ಹಣ ನಿಮ್ಮಲ್ಲಿಲ್ಲ, ಒಪ್ಪಿದೆ. ಆದರೆ ಇನ್ನೂ ಕಟ್ಟದ ಗೋಡೆಯನ್ನು ಒಡೆಯುವ ಖರ್ಚೂ ನಿಮಗಿಲ್ಲವಲ್ಲ!

ನೀರಿಗಿಳಿಯಲು ಒಂದೇ ಜಾಗ ಸಾಕು, ಅದನ್ನು ಆರಿಸುವುದರಲ್ಲಿ ಮಾತ್ರ ಅವಸರ ಬೇಡ. ನದಿ ತಿರುಗುವಲ್ಲಿ ಹೊರಮಗ್ಗುಲು ಆಳ, ಸೆಳೆತ ಜೋರು. ಒಳಮಗ್ಗುಲಲ್ಲಿ ಮರಳು ನಿಂತು ದಡ ಮೆತ್ತಗೆ ಇಳಿಜಾರಾಗಿರುತ್ತದೆ. ಮೆಟ್ಟಿಲು ಅಲ್ಲಿರಲಿ. ಆದರೂ ಬೇಸಗೆಯಲ್ಲಿ ಆಳ, ಮಡುಗಳನ್ನು ಪರೀಕ್ಷಿಸಿಯೇ ಮುಂದುವರಿಯಿರಿ. ನಯಗೊಳಿಸಿದ ಗ್ರಾನೈಟ್ ಹಾಕಿದರೆ ಪಾಚಿ ಕಟ್ಟಿ ಜಾರುಬಂಡೆಯಾದೀತು. ಒರಟು ಕಲ್ಲಿಗೆ ಗೀರು ಹೊಡೆಸಿ. ಗಾಲಿಕುರ್ಚಿಯವರಿಗೆ ಇಳಿಜಾರು ದಾರಿ 1:12ಕ್ಕಿಂತ ಕಡಿದಾಗಬಾರದು: ಒಂದು ಮೀಟರ್ ಇಳಿಯಲು ಹನ್ನೆರಡು ಮೀಟರ್ ಉದ್ದ. ಹರಿವಿಗೆ ಅಡ್ಡವಾಗಿ ಕಂಬಿಬೇಲಿ ಬೇಡವೇ ಬೇಡ. ಕಸಕಡ್ಡಿ ಸಿಕ್ಕಿಕೊಂಡು ಬೇಲಿಯೇ ಒಡ್ಡಾಗುತ್ತದೆ.

ನಕ್ಷೆ ಮಾಡುವವರು ಮರೆಯುವುದು ನೆರೆಯ ಮರುದಿನವನ್ನು. ದಾರಿಯ ಮೇಲೆ ನಿಂತ ಕೆಸರನ್ನು ಹಸಿಯಿದ್ದಾಗಲೇ ತೊಳೆದರೆ ಹೋಗುತ್ತದೆ, ಒಣಗಿದರೆ ಗುದ್ದಲಿ ಹಿಡಿಯಬೇಕು. ಆದ್ದರಿಂದ ಮೇಲಿನ ಹಂತದಲ್ಲೊಂದು ದೊಡ್ಡ ನಲ್ಲಿ, ಕೆಳಗಿನವರೆಗೆ ಗಾಡಿ ಇಳಿಯುವಷ್ಟು ಅಗಲದ ದಾರಿ ಇರಲಿ. ಹಣ ಎಲ್ಲಿಂದ ಎನ್ನುತ್ತೀರಾ? ಕಾರಂಜಿ ಬಿಡಿ. ನದಿಯೇ ಎದುರಿಗಿರುವಾಗ ಅದೇಕೆ?