ಮೋಟಾರ್ ಇಡಬೇಡಿ ಸ್ವಾಮಿ

ಪ್ರಶ್ನೆ: ಓವರ್‌ಸಿಯರ್ ಸಾರ್, ಕೆರೆ ಏರಿ ಹಿಂದೆ ನಮ್ಮ ಸೈಟು. ಪಾಯ ತೋಡಿದರೆ ನೀರು ಉಕ್ಕುತ್ತಿದೆ. ಮೋಟಾರ್ ಇಟ್ಟು ಖಾಲಿ ಮಾಡಬಹುದಾ? ಇಂಗ್ಲೆಂಡಿನಲ್ಲಿ ಒಬ್ಬ ನೀರಲ್ಲಿ ಮುಳುಗಿ ದೊಡ್ಡ ಚರ್ಚಿನ ಪಾಯ ಸರಿ ಮಾಡಿದನಂತೆ, ಮಗಳು ಹೇಳುತ್ತಾಳೆ. ನಿಜವಾ?
– ಒಬ್ಬ ಓದುಗ, ಮಾಲೂರು

ಉತ್ತರ: ಮಗಳು ಹೇಳಿದ್ದು ನಿಜ. ಅದು ವಿಂಚೆಸ್ಟರ್ ಕೆಥೆಡ್ರಲ್. 1079ರಲ್ಲಿ ಕಟ್ಟಲು ಶುರು ಮಾಡಿದ್ದು. ನಮ್ಮ ಕೋಲಾರದ ಕಡೆ ಎಷ್ಟೋ ಜಾಗದಲ್ಲಿ ಮೂರಡಿ ತೋಡಿದರೆ ಹಾರೆ ಠಣ್ ಅನ್ನುತ್ತದೆ, ಬಂಡೆ ಸಿಕ್ಕಿತು ಅಂತ ಪಾಯ ಹಾಕುತ್ತೇವೆ. ಅಲ್ಲಿ ಆ ಭಾಗ್ಯ ಇಲ್ಲ. ಹೊಳೆ ಬಯಲಿನ ಜೌಗು. ಗಿಡಗಂಟಿ ಕೊಳೆತು ಆದ ಕರೀ ಮಣ್ಣು, ಅದರಡಿ ಗಟ್ಟಿ ಜಲ್ಲಿ. 1200ರ ಆಚೆಗೆ ಚರ್ಚಿನ ಪೂರ್ವದ ಭಾಗ ಸೇರಿಸುವಾಗ ಮರದ ದಿಮ್ಮಿ ಹಾಸಿ, ಅದರ ಮೇಲೇ ಕಲ್ಲು ಏರಿಸಿದ್ದರು! ಏಳು ನೂರು ವರ್ಷ ತಡೆಯಿತು. 1900ರ ಹೊತ್ತಿಗೆ ಗೋಡೆ ವಾಲಿ ಬಿರುಕು ಬಿಟ್ಟಿತು.

ಗೋಡೆ ಕೆಳಗೆ ಗುಂಡಿ ತೋಡಿದರೆ ನೀರು ತುಂಬಿತು. ನಿಮ್ಮ ಕಥೆಯೇ, ಅಲ್ವಾ? ಆದರೆ ಇಂಜಿನಿಯರ್ ಫ್ರಾನ್ಸಿಸ್ ಫಾಕ್ಸ್ ಪಂಪು ಬೇಡ ಅಂದರು. ನೀರಿನ ಜೊತೆ ಸಣ್ಣ ಮರಳೂ ಎದ್ದು ಬರುತ್ತದೆ, ಗೋಡೆ ಕೆಳಗೆ ಟೊಳ್ಳಾಗುತ್ತದೆ. ಅದಕ್ಕೇ ಮುಳುಗು ತಜ್ಞ ವಿಲಿಯಂ ವಾಕರ್‌ನನ್ನು ಕರೆಸಿದರು. 1906ರಿಂದ 1911ರವರೆಗೆ ಅವನು ದಿನಾ ಇಳಿದ. ಸುಮಾರು ಆರು ಮೀಟರ್ ಆಳ. ಕರೀ ಮಣ್ಣು ಕದಡಿ ಕೈಗೆ ಕೈ ಕಾಣದು. ತಡವಿ ತಡವಿಯೇ ಜೌಗು ಕೆತ್ತಿ ತೆಗೆದು, ಜಲ್ಲಿ ಮೇಲೆ ಕಾಂಕ್ರೀಟ್ ಮೂಟೆ ಜೋಡಿಸಿ, ಮೂಟೆ ಸೀಳಿ ಮೇಲೆ ಇನ್ನೊಂದು ಸಾಲು ಇಡುತ್ತಿದ್ದ. ತಳ ಗಟ್ಟಿಯಾಗಿ ನೀರು ಬರುವುದು ನಿಂತ ಮೇಲೆ ಪಂಪು ಇಟ್ಟರು, ಗಾರೆಯವರು ಇಳಿದು ಇಟ್ಟಿಗೆ ಕಟ್ಟಿದರು. ಒಟ್ಟು 25,800 ಮೂಟೆ!

ತಮಾಷೆ ಅಂದರೆ, ಮುಂದೆ ವಾಕರ್ ಹೆಸರಲ್ಲಿ ಪುಟ್ಟ ಪ್ರತಿಮೆ ಮಾಡಿಸಿದಾಗ ಫೋಟೋ ಅದಲುಬದಲಾಗಿ ಫಾಕ್ಸ್ ಮುಖ ಬಂತು. ಎಷ್ಟೋ ವರ್ಷ ಆದಮೇಲೆ ಬದಲಾಯಿಸಿದರು.

ನಾನೂ ಒಮ್ಮೆ ಕೆರೆ ಅಂಗಳದ ಪಕ್ಕ ಎರಡು ದಿನ ಮೋಟಾರ್ ಓಡಿಸಿದ್ದೆ. ಪೈಪಿನಲ್ಲಿ ಬೂದಿಯಂಥ ಮರಳು ಬರುತ್ತಿತ್ತು, ಸುಮ್ನೆ ನೋಡುತ್ತಾ ನಿಂತಿದ್ದೆ. ಮೂರನೇ ದಿನ ಪಕ್ಕದ ಮನೆ ಕಾಂಪೌಂಡು ಬಾಯಿ ಬಿಟ್ಟಿತ್ತು. ಕೈಯಿಂದ ದುಡ್ಡು ಕೊಟ್ಟೆ.

ನಿಮ್ಮ ಪಕ್ಕದಲ್ಲಿ ಮನೆ ಇದೆಯೋ ಬಯಲೋ ಬರೆದಿಲ್ಲ. ಮನೆ ಇದ್ದರೆ ಮೋಟಾರ್ ಮುಟ್ಟಬೇಡಿ. ಏಪ್ರಿಲ್‌ವರೆಗೆ ಕಾಯಿರಿ, ನೀರು ತಾನೇ ಇಳಿಯಬಹುದು. ಅಷ್ಟರಲ್ಲಿ ಮಣ್ಣು ಪರೀಕ್ಷೆ ಮಾಡಿಸಿ, ಗಟ್ಟಿ ನೆಲ ಎಷ್ಟು ಆಳದಲ್ಲಿದೆ ತಿಳಿದುಕೊಳ್ಳಿ.